ಕರೆಂಟ್ ಹೋದ ರಾತ್ರಿ ಹಾವನ್ನು ಬೆಚ್ಚಗಿಡುವುದು: ನನ್ನ ಅನುಭವ

ಮೂಡಿಗೆರೆ ಕಡೆ ಪುನರ್ವಸು ಮಳೆ ಹಿಡಿಯಿತೆಂದರೆ ಕರೆಂಟಿನ ಆಸೆ ಬಿಡಬೇಕು. ಗಾಳಿಗೆ ತೋಟದ ಸಿಲ್ವರ್ ಓಕ್ ಮುರಿದು ಲೈನಿನ ಮೇಲೆ ಬೀಳುತ್ತದೆ. ಲೈನ್‌ಮ್ಯಾನ್‌ಗಳು ಜಡಿಮಳೆಯಲ್ಲಿ ನೆನೆದುಕೊಂಡು ಅದನ್ನು ಸರಿಮಾಡುವಷ್ಟರಲ್ಲಿ ಇನ್ನೆಲ್ಲೋ ಕಂಬ ವಾಲಿರುತ್ತದೆ. ಎರಡು ಮೂರು ದಿನ ಕತ್ತಲೆ ಇಲ್ಲಿ ಯಾರಿಗೂ ಹೊಸದಲ್ಲ. ನಮಗೆ ಕಂಬಳಿ ಇದೆ, ಬಚ್ಚಲ ಒಲೆ ಇದೆ. ಆದರೆ ನಮ್ಮ ಮನೆಯಲ್ಲಿ ಎರಡು ಹಾವುಗಳೂ ಇವೆ. ಅವುಗಳ ಮೈ ನಮ್ಮ ಹಾಗೆ ಒಳಗಿನಿಂದ ಬಿಸಿ ಕಾಯಿಸಿಕೊಳ್ಳುವುದಿಲ್ಲ, ಸುತ್ತಲಿನ ಕಾವನ್ನೇ ನೆಚ್ಚಿಕೊಂಡಿರುತ್ತವೆ.

ಒಂದು ಬಾಲ್ ಪೈಥಾನ್, ಹೆಸರು ಗುಂಡ. ಇನ್ನೊಂದು ಕಾರ್ನ್ ಸ್ನೇಕ್, ಕೆಂಪಿ. ಎರಡೂ ನಮ್ಮ ದೇಶದವಲ್ಲ. ಕೇರೆ, ಹೆಬ್ಬಾವು, ನಾಗರ, ಇಂಥ ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ಈ ಕಾಯ್ದೆಗೆ 2022ರ ತಿದ್ದುಪಡಿ ಬಂದ ಮೇಲೆ ಅದನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ತೋಟದಲ್ಲಿ ಸಿಕ್ಕ ಮರಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಹೇಗೆ ಸಾಕುವುದೆಂದು ಕೇಳುವ ಹುಡುಗರಿಗೆ ನನ್ನ ಉತ್ತರ ಒಂದೇ: ಸಿಕ್ಕ ಜಾಗದಲ್ಲೇ ಬಿಟ್ಟು ಬನ್ನಿ. ಅದಕ್ಕೆ ಈ ಮಳೆ, ಈ ಚಳಿ ಎಲ್ಲ ಹುಟ್ಟಿನಿಂದ ಗೊತ್ತು.

ಗುಂಡನಿಗೆ ಗೊತ್ತಿಲ್ಲ. ಬಾಲ್ ಪೈಥಾನ್‌ಗಳ ಮೂಲ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಿಸಿ ಹುಲ್ಲುಗಾವಲು. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ, ತಣ್ಣಗಿನ ತುದಿ 25ರ ಆಸುಪಾಸು ಇದ್ದರೆ ಅವನು ಆರಾಮ. ನಮ್ಮಲ್ಲಿ ಜುಲೈ ರಾತ್ರಿ ಕೋಣೆಯ ಒಳಗೇ 18ಕ್ಕೆ ಇಳಿಯುತ್ತದೆ. ಕೆಂಪಿಯ ಕತೆ ಬೇರೆ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಅಲ್ಲಿ ಚಳಿಗಾಲವಿಡೀ ಬಿಲದಲ್ಲಿ ಮುದುಡಿ ಮಲಗುವ ಜಾತಿ. ಹೊಟ್ಟೆ ಖಾಲಿ ಇದ್ದರೆ 18 ಡಿಗ್ರಿಯ ರಾತ್ರಿ ಅವಳಿಗೆ ಲೆಕ್ಕಕ್ಕಿಲ್ಲ. ಹಾಗಾಗಿ ಕರೆಂಟ್ ಹೋದಾಗ ಇರುವ ಬಿಸಿನೀರು, ಬ್ಯಾಟರಿ ಎಲ್ಲ ಗುಂಡನ ಪಾಲಿಗೆ. ಕೆಂಪಿಯ ಗೂಡಿಗೆ ಒಂದು ಕಂಬಳಿ ಹೊದಿಸಿದರೆ ಮುಗಿಯಿತು. ಎರಡು ಹಾವು ಸಾಕಿದವರು ಎರಡಕ್ಕೂ ಒಂದೇ ಆತಂಕ ಪಡಬೇಕಾಗಿಲ್ಲ.

ಹೊಟ್ಟೆ ಖಾಲಿ ಇದ್ದರೆ ಎಂದೆನಲ್ಲ, ಅದೇ ಇಲ್ಲಿ ಮುಖ್ಯ. ಹಾವಿಗೆ ತಿಂದದ್ದು ಅರಗಬೇಕಾದರೆ ಬಿಸಿ ಬೇಕು. ಇಲಿ ನುಂಗಿದ ಮಾರನೆಯ ದಿನ ಗೂಡು ತಣ್ಣಗಾದರೆ ಅದು ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ವಾಂತಿ ಮಾಡಿಕೊಳ್ಳುತ್ತದೆ. ಒಮ್ಮೆ ವಾಂತಿಯಾದರೆ ಎರಡು ವಾರ ಊಟ ಕೊಡುವ ಹಾಗಿಲ್ಲ. ಅದಕ್ಕೇ ನಾನು ಮಳೆಗಾಲದಲ್ಲಿ ಹವಾಮಾನದ ಮುನ್ಸೂಚನೆ ನೋಡಿ ಊಟ ಹಾಕುತ್ತೇನೆ. ರೆಡ್ ಅಲರ್ಟ್ ಅಂದರೆ ಊಟ ಮುಂದಕ್ಕೆ. ಬೆಳೆದ ಬಾಲ್ ಪೈಥಾನ್ ಕೆಲವು ವಾರ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಫ್ರೀಜರ್‌ನಲ್ಲಿಟ್ಟ ಇಲಿಗಳದ್ದೂ ಇದೇ ಸಮಯದ ಚಿಂತೆ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದು ಒಂದು ದಿನ. ಕರಗಿ ಮೆತ್ತಗಾದದ್ದನ್ನು ಮತ್ತೆ ಗಟ್ಟಿಮಾಡಿ ಕೊಡಬಾರದು, ಹೂಳಬೇಕು.

ಇನ್ನು ಗೂಡು. ಹೊಸದಾಗಿ ಸಾಕುವವರು ಕರೆಂಟ್ ಹೋದ ಕೂಡಲೇ ಬಿಸಿ ಎಲ್ಲಿಂದ ತರಲಿ ಎಂದು ಓಡಾಡುತ್ತಾರೆ. ನನ್ನ ಮಾತು ಕೇಳಿ, ಮೊದಲು ಇರುವ ಬಿಸಿಯನ್ನು ಹಿಡಿದಿಡಿ. ಗಾಜಿನ ಗೂಡಾದರೆ ನಾಲ್ಕೂ ಕಡೆಯಿಂದ ಬಿಸಿ ಸೋರುತ್ತದೆ, ಜಾಲರಿಯ ಮುಚ್ಚಳದಿಂದ ಇನ್ನೂ ಹೆಚ್ಚು. ಅಪ್ಪನ ಹಳೇ ಕರಿಕಂಬಳಿಯನ್ನು ಮೂರು ಬದಿಗೆ ಸುತ್ತಿ, ಮುಚ್ಚಳದ ಮೇಲೆ ಮುಕ್ಕಾಲು ಭಾಗ ಎಳೆಯುತ್ತೇನೆ. ಗಾಳಿಯಾಡಲು ಒಂದು ಮೂಲೆ ಬಿಟ್ಟಿರುತ್ತೇನೆ. ಅಡಿಗೆ ಥರ್ಮಾಕೋಲ್ ಹಾಳೆ. ಸಿಮೆಂಟ್ ನೆಲದಲ್ಲಿಟ್ಟ ಗೂಡು ಬೇಗ ತಣ್ಣಗಾಗುತ್ತದೆ, ಅದನ್ನು ಮೇಜಿನ ಮೇಲಿಡಬೇಕು. ಗೂಡಿನ ಬಾಗಿಲನ್ನು ಸುಮ್ಮಸುಮ್ಮನೆ ತೆರೆದು ನೋಡುವುದೂ ಬೇಡ. ಇಷ್ಟು ಮಾಡಿದರೆ ಸಂಜೆ ಹೋದ ಕರೆಂಟಿಗೆ ನಡುರಾತ್ರಿಯವರೆಗೆ ಬೇರೇನೂ ಬೇಕಾಗುವುದಿಲ್ಲ.

ಒಳಗಿನ ಥರ್ಮಾಮೀಟರ್ 24ಕ್ಕಿಂತ ಕೆಳಗಿಳಿದರೆ ಪೆಟ್ಟಿಗೆ ತೆಗೆಯುತ್ತೇನೆ. ಮೆಡಿಕಲ್ ಶಾಪಿಗೆ ಔಷಧಿ ಬರುವ ದಪ್ಪನೆಯ ಥರ್ಮಾಕೋಲ್ ಪೆಟ್ಟಿಗೆ ಅದು, ಬದಿಗಳಲ್ಲಿ ಪೆನ್ಸಿಲ್ ತೂರುವಷ್ಟು ತೂತು ಮಾಡಿದ್ದೇನೆ. ನಡುವೆ ರಟ್ಟಿನ ಅಡ್ಡಗೋಡೆ. ಒಂದು ಬದಿಗೆ ದಿಂಬಿನ ಕವರಿನಲ್ಲಿ ಗುಂಡ, ಕವರಿನ ಬಾಯಿಗೆ ಗಂಟು ಹಾಕಿ. ಇನ್ನೊಂದು ಬದಿಗೆ ಬಿಸಿನೀರಿನ ಬಾಟಲಿ, ಹಳೇ ಪಂಚೆಯಲ್ಲಿ ಸುತ್ತಿ. ಬಾಟಲಿ ಹಾವಿಗೆ ತಾಗಬಾರದು. ಬಿಸಿ ಹೆಚ್ಚಾದರೂ ಹಾವು ಅಲ್ಲೇ ಮಲಗಿರುತ್ತದೆ, ಹೊಟ್ಟೆಯಡಿಯ ಹುರುಪೆ ಸುಟ್ಟುಹೋಗುತ್ತದೆ. ಸುತ್ತಿದ ಬಾಟಲಿಯನ್ನು ಮುಂಗೈ ಒಳಬದಿಗೆ ಒತ್ತಿ ನೋಡುತ್ತೇನೆ, ಕೂಸಿನ ಹಾಲಿನ ಬಿಸಿ ನೋಡುವ ಹಾಗೆ. ಹಿತವಾಗಿದ್ದರೆ ಸರಿ, ಚುರುಕ್ ಎಂದರೆ ಇನ್ನೊಂದು ಸುತ್ತು ಬಟ್ಟೆ.

ಬಿಸಿನೀರಿಗೆ ಮಲೆನಾಡಿನ ಮನೆಯಲ್ಲಿ ಬರವಿಲ್ಲ. ಹಂಡೆ ಒಲೆ ಮಳೆಗಾಲದಲ್ಲಿ ಆರುವುದೇ ಇಲ್ಲ. ಮೊದಮೊದಲು ಹಾವು ಎಂದರೆ ಆ ಕೋಣೆಯತ್ತ ಸುಳಿಯದಿದ್ದ ಅಮ್ಮ ಈಗ ರಾತ್ರಿ ಮಲಗುವ ಮುಂಚೆ ತಾನೇ ಕೇಳುತ್ತಾಳೆ: "ಹಂಡೆ ಕೆಳಗೆ ಇನ್ನೊಂದು ಕೊರಡು ತುರುಕ್ಲೇನೋ? ಗುಂಡಂಗೆ ಬೇಕಾಗುತ್ತಲ್ಲ." ಕುದಿಯುವ ನೀರು ಬೇಡ, ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿ ಮುದುಡಿಹೋಗುತ್ತದೆ. ಕೈ ಅದ್ದಿದರೆ ಥಟ್ಟನೆ ಎಳೆದುಕೊಳ್ಳುವಷ್ಟು ಬಿಸಿ ಸಾಕು. ಪೆಟ್ಟಿಗೆ ಮುಚ್ಚಿದ್ದರೆ ಮೂರು ನಾಲ್ಕು ಗಂಟೆ ತಡೆಯುತ್ತದೆ. ಥರ್ಮಾಮೀಟರಿನ ಪ್ರೋಬ್ (ವೈರಿನ ತುದಿಯ ಬಿಸಿ ಅಳೆಯುವ ಭಾಗ) ಗುಂಡನ ಬದಿಯಲ್ಲಿ, ಪರದೆ ಹೊರಗೆ. 27, 28 ತೋರಿಸಿದರೆ ಅಲ್ಲಿಗೆ ನಿಲ್ಲಿಸುತ್ತೇನೆ. 32 ಮಾಡಲು ಹೋಗುವುದಿಲ್ಲ. ಆರೋಗ್ಯವಾಗಿರುವ ದೊಡ್ಡ ಹಾವು ಒಂದು ರಾತ್ರಿಯ 22 ಡಿಗ್ರಿಯನ್ನು ತಡೆದುಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ 38 ಆದರೆ ಉಳಿಯುವುದು ಕಷ್ಟ.

ಯುಪಿಎಸ್ ಇದ್ದವರು ಲೆಕ್ಕ ಹಾಕಿಕೊಳ್ಳಿ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1800 ವಾಟ್-ಅವರ್ ಇರುತ್ತದೆ, ಕೈಗೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಂದಿಟ್ಟುಕೊಳ್ಳಿ. ಗೂಡಿನ ಅಡಿಗೆ ಹಾಕುವ 20 ವಾಟಿನ ಹೀಟ್ ಮ್ಯಾಟ್ ಒಂದೇ ಆದರೆ, ಯುಪಿಎಸ್ ತಾನೇ ತಿನ್ನುವುದನ್ನೂ ಸೇರಿಸಿ, ಒಂದು ದಿನ ಬರುತ್ತದೆ. 100 ವಾಟಿನ ಸೆರಾಮಿಕ್ ಹೀಟರ್ ಹಾಕಿದರೆ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ಮ್ಯಾಟ್ ಗಾಳಿಯನ್ನು ಬಿಸಿಮಾಡುವುದಿಲ್ಲ, ನೆಲವನ್ನು ಮಾತ್ರ. ಅದಕ್ಕೇ ಕಂಬಳಿ ಇಲ್ಲದೆ ಮ್ಯಾಟ್ ಹಾಕಿ ಪ್ರಯೋಜನವಿಲ್ಲ. ಬಿಸಿ ಮಿತಿ ಮೀರದಂತೆ ಹೀಟರನ್ನು ತಾನೇ ಆಫ್ ಮಾಡುವ ಥರ್ಮೋಸ್ಟ್ಯಾಟ್ ಇಲ್ಲದೆಯಂತೂ ಯಾವುದನ್ನೂ ಹಾಕಬೇಡಿ.

ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಹಾವಿನ ಕೋಣೆಯಲ್ಲಿಡುವುದನ್ನು ದಯವಿಟ್ಟು ಮಾಡಬೇಡಿ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಹಾವನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ. ಸೊಳ್ಳೆಬತ್ತಿ, ಧೂಪದ ಹೊಗೆಯೂ ಬೇಡ.

ಚಳಿಯ ಜೊತೆ ತೇವ ಸೇರಿದರೆ ಹಾವಿಗೆ ಶ್ವಾಸಕೋಶದ ಸೋಂಕು ತಗಲುತ್ತದೆ. ಮಳೆಗಾಲ ಶುರುವಾದ ಮೇಲೆ ಗೂಡಿನಿಂದ ತೆಂಗಿನ ನಾರಿನ ಪುಡಿ ತೆಗೆದು ಹಳೇ ಪೇಪರ್ ಹಾಸುತ್ತೇನೆ, ನೀರಿನ ಬಟ್ಟಲನ್ನೂ ಚಿಕ್ಕದು ಮಾಡುತ್ತೇನೆ. ಬೆಳಿಗ್ಗೆ ಗುಂಡನನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಕಿವಿ ಇಡುವುದು ರೂಢಿ. ಚಳಿಯಾದಾಗ ಅವನು ತಲೆಯನ್ನು ನಡುವೆ ಹುದುಗಿಸಿ ಬಿಗಿಯಾಗಿ ಸುತ್ತಿಕೊಂಡಿರುತ್ತಾನೆ, ನಾಲಿಗೆ ಆಡಿಸುವುದೂ ನಿಧಾನ. ಅದು ಸಹಜ, ಬಿಸಿ ಏರಿದಂತೆ ಸುತ್ತು ಸಡಿಲವಾಗುತ್ತದೆ. ಉಸಿರಿನಲ್ಲಿ ಸುಂಯ್ ಎಂಬ ಸದ್ದು ಬಂದರೆ, ಬಾಯಂಚಿನಲ್ಲಿ ಗುಳ್ಳೆ ಕಂಡರೆ, ಬಾಯಿ ತೆರೆದು ತಲೆ ಮೇಲೆತ್ತಿಕೊಂಡೇ ಇದ್ದರೆ ತಡಮಾಡದೆ ವೈದ್ಯರ ಹತ್ತಿರ ಒಯ್ಯಬೇಕು. ಹಾವು ನೋಡುವ ಪಶುವೈದ್ಯರು ಊರೂರಿಗೆ ಸಿಗುವುದಿಲ್ಲ. ಫೋನ್ ನಂಬರನ್ನು ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ, ಮಳೆ ಬಂದ ಮೇಲೆ ನೆಟ್‌ವರ್ಕೂ ಇರುವುದಿಲ್ಲ.

ಕರೆಂಟ್ ವಾಪಸ್ ಬರುವ ಹೊತ್ತಿಗೆ ಹೀಟರಿನ ಸ್ವಿಚ್ ಆಫ್ ಇರಲಿ. ಮೊದಲ ಅರ್ಧ ಗಂಟೆ ವೋಲ್ಟೇಜ್ ಏರಿಳಿಯುತ್ತದೆ, ಅಷ್ಟಕ್ಕೇ ಥರ್ಮೋಸ್ಟ್ಯಾಟ್ ಸುಟ್ಟುಹೋಗಬಹುದು. ಬಲ್ಬು ಮಿಣುಕದೆ ಉರಿಯತೊಡಗಿದ ಮೇಲೆ, ಥರ್ಮೋಸ್ಟ್ಯಾಟಿನ ಪ್ರೋಬ್ ತನ್ನ ಜಾಗದಲ್ಲೇ ಇದೆಯೇ ನೋಡಿ ಹೀಟರ್ ಹಾಕುತ್ತೇನೆ. ಗೂಡು 30 ದಾಟಿದ ಮೇಲೆ ಗುಂಡನನ್ನು ಪೆಟ್ಟಿಗೆಯಿಂದ ಬಿಡುವುದು. ಊಟ ಆಮೇಲೆ, ನಾಲ್ಕೈದು ದಿನ ಕರೆಂಟ್ ಕೈಕೊಡದೆ ಇದ್ದರೆ, ಅದೂ ಯಾವಾಗಿನದಕ್ಕಿಂತ ಚಿಕ್ಕ ಇಲಿ.