ತಗ್ಗಿಸಿದ ಕಾರಿನ ಹಿಂದಿನ ಚಕ್ರ: ಕಾಫಿ ಕಣದಲ್ಲೇ ಅಲೈನ್‌ಮೆಂಟ್

ಕಳೆದ ಮಳೆಗಾಲ ಮುಗಿದ ಮೇಲೆ ಪರಿಚಯದ ಹುಡುಗನೊಬ್ಬ ಗೋಣಿಕೊಪ್ಪದಿಂದ ತನ್ನ ಹಳೇ ಸಿವಿಕ್ ತಂದ. ಸ್ಪ್ರಿಂಗ್ ಬದಲಿಸಿ ಚೆನ್ನಾಗಿಯೇ ತಗ್ಗಿಸಿದ್ದ. ಹಿಂದಿನ ಟೈರ್ ಹೊರಗಿನಿಂದ ಹೊಸದರಂತೆ ಕಾಣುತ್ತಿತ್ತು. ಬಗ್ಗಿ ಒಳ ಅಂಚಿಗೆ ಕೈ ಹಾಕಿದೆ, ತಂತಿ ಚುಚ್ಚಿತು. "ಅಣ್ಣ, ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೀನಿ" ಅಂದ. ಮಾಡಿಸಿದ್ದೇನೋ ನಿಜ, ಮೂರು ಸಲವೂ ಮುಂದಿನ ಚಕ್ರಕ್ಕೆ ಮಾತ್ರ.

ಇಂಥಾ ಟೈರ್ ನೋಡಿದಾಗ ಎಲ್ಲರೂ ಬಯ್ಯುವುದು ಕ್ಯಾಂಬರ್‌ಗೆ, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿರುವುದಕ್ಕೆ. ಕಾರು ತಗ್ಗಿಸಿದರೆ ಅದು ವಾಲಿಯೇ ವಾಲುತ್ತದೆ, ಅದೊಂದರಿಂದಲೇ ಟೈರ್ ಇಷ್ಟು ಬೇಗ ಹೋಗುವುದಿಲ್ಲ. ಜಾಸ್ತಿ ತಿನ್ನುವುದು ಟೋ. ಮೇಲಿನಿಂದ ನೋಡಿದರೆ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುತ್ತದಲ್ಲ, ಅದು. ಟೈರ್ ಉರುಳುವ ಬದಲು ಪ್ರತಿ ಕಿಲೋಮೀಟರ್‌ನಲ್ಲೂ ಅಡ್ಡಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಹಿಂದಿನ ಚಕ್ರಗಳ ಮೂತಿ ಹೊರಗೆ ತಿರುಗಿದ್ದರೆ ಟೈರ್ ಖರ್ಚಿಗಿಂತ ದೊಡ್ಡ ತಲೆನೋವು ಬೇರೆ ಇದೆ: ಸಂಪಾಜೆ ಘಾಟಿ ಇಳಿಯುವಾಗ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಹಿಂಭಾಗ ಜಾರಿ ಮುಂದೆ ಬರಲು ನೋಡುತ್ತದೆ.

ಮೊದಲು ನಿಮ್ಮ ಕಾರಿನಲ್ಲಿ ಹಿಂದೆ ತಿರುಗಿಸಲು ಏನಾದರೂ ಇದೆಯಾ ನೋಡಿ. ಸ್ವಿಫ್ಟ್, ಪೋಲೊ ಥರ ಹಿಂದೆ ಒಂದೇ ಅಡ್ಡ ಬೀಮ್ ಇರುವ ಕಾರಿನಲ್ಲಿ ಇಲ್ಲ, ಅದಕ್ಕೆ ಶಿಮ್ ಅನ್ನುವ ತೆಳು ತಗಡು ಹಾಕಬೇಕು, ಅದು ಬೇರೆ ಕಥೆ. ಸಿವಿಕ್, ಆಕ್ಟೇವಿಯಾ ಆರ್‌ಎಸ್ 230 ಥರ ಹಿಂದೆ ಮಲ್ಟಿಲಿಂಕ್ ಇದ್ದರೆ, ಅಂದರೆ ಒಂದೊಂದು ಚಕ್ರವನ್ನೂ ಬೇರೆ ಬೇರೆ ತೋಳುಗಳು ಹಿಡಿದಿದ್ದರೆ, ತೋಳಿನ ಬುಡದಲ್ಲಿ ತೂತು ನಡುವಿನಲ್ಲಿರದ ವಾಷರ್ ಇರುವ ಬೋಲ್ಟ್ ಸಿಗುತ್ತದೆ. ಅದೇ ಕ್ಯಾಮ್ ಬೋಲ್ಟ್, ತಿರುಗಿಸಿದರೆ ತೋಳು ಸರಿಯುತ್ತದೆ. ಸ್ಪ್ರಿಂಗ್ ಕೊಯ್ಸಿ ತಗ್ಗಿಸಿದವರು ಇಲ್ಲಿಗೇ ಓದು ನಿಲ್ಲಿಸಬಹುದು. ಮೊದಲು ಸರಿಯಾದ ಸ್ಪ್ರಿಂಗ್ ಹಾಕಿಸಿ ಬನ್ನಿ.

ಜಾಗಕ್ಕೆ ಕಾಫಿ ಒಣಗಿಸುವ ಕಣವೇ ಸಾಕು, ಕುಯಿಲಿನ ಸಮಯ ಬಿಟ್ಟು. ಕಣ ಮಟ್ಟಸವಾಗಿದೆ ಅಂತ ಮಾತ್ರ ನಂಬಬೇಡಿ. ಮಳೆನೀರು ಹರಿಯಲಿ ಅಂತ ಅದಕ್ಕೆ ಇಳಿಜಾರು ಕೊಟ್ಟೇ ಕಟ್ಟಿರುತ್ತಾರೆ. ಗಾರೆ ಮೇಸ್ತ್ರಿಯ ನೀರಿನ ಟ್ಯೂಬ್ ಹಿಡಿದು ನಾಲ್ಕೂ ಚಕ್ರದ ಜಾಗ ನೋಡಿ, ತಗ್ಗಿರುವ ಕಡೆ ಪ್ಲೈವುಡ್ ತುಂಡು ಕೊಡಿ. ತಗ್ಗಿಸಿದ ಕಾರಿನಡಿ ಮನುಷ್ಯ ನುಗ್ಗಲು ಆಗುವುದಿಲ್ಲ, ಹಾಗಾಗಿ ನಾಲ್ಕೂ ಚಕ್ರದಡಿ ಅಗಲವಾದ ದಪ್ಪ ಸಿಲ್ವರ್ ಓಕ್ ಹಲಗೆ ಪೇರಿಸಿ. ಹಾಲೋ ಬ್ಲಾಕ್ ಬೇಡವೇ ಬೇಡ, ಒಡೆಯುತ್ತದೆ. ಹಿಂದಿನ ಚಕ್ರದಡಿ ಮಾತ್ರ ಎರಡೆರಡು ಜಿಐ ಶೀಟ್ ತುಂಡು, ನಡುವೆ ಗ್ರೀಸ್. ಚಕ್ರ ತನ್ನಷ್ಟಕ್ಕೆ ಅಡ್ಡ ಸರಿಯಲು ಇದು ಬೇಕು. ಕಾರು ಗೇರ್‌ನಲ್ಲಿರಲಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ. ಹಲಗೆ ಜಾರಿದರೆ ಆಸರೆಗೆ ಅಂತ ಜ್ಯಾಕ್ ಸ್ಟ್ಯಾಂಡ್ ಎರಡನ್ನು ಕಾರಿನ ಮೈಗೆ ತಾಗದಂತೆ ಅಡಿಯಲ್ಲಿ ಇಟ್ಟಿರಿ. ಟೈರ್ ಗಾಳಿ ಸರಿ ಮಾಡಿ, ಡ್ರೈವರ್ ಸೀಟಿನಲ್ಲಿ 50 ಕೆ.ಜಿ. ಕಾಫಿ ಮೂಟೆ ಕೂರಿಸಿ. ನೀವು ದಪ್ಪ ಇದ್ದರೆ ಟೂಲ್ ಬಾಕ್ಸ್ ಕೂಡ.

ಚಕ್ರದ ಮೂತಿ ಎಷ್ಟು ತಿರುಗಿದೆ ಅಂತ ಅಳೆಯಲು ಕಾರಿನ ಎರಡೂ ಪಕ್ಕ ದಾರ ಕಟ್ಟಬೇಕು. ಅದಕ್ಕೆ ಕಾರಿಗಿಂತ ಉದ್ದದ ಎರಡು ಗಾಳದ ನೂಲು, ಕಾರಿಗಿಂತ ಅಗಲದ ಎರಡು ನೇರ ಪೈಪ್ ಬೇಕು. ಹಳೇ ಸ್ಪ್ರಿಂಕ್ಲರ್ ಪೈಪ್ ಚೆನ್ನಾಗಿ ಬರುತ್ತದೆ, ಅಪ್ಪನನ್ನು ಕೇಳದೆ ಕೊಯ್ಯಬೇಡಿ. ಎರಡೂ ಪೈಪ್‌ನಲ್ಲಿ ಒಂದೇ ಅಂತರಕ್ಕೆ ಕಚ್ಚು ಹಾಕಿ ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಚಕ್ರದ ನಡುಮಟ್ಟಕ್ಕೆ ಇಟ್ಟು ನೂಲು ಬಿಗಿದರೆ ಎರಡೂ ನೂಲು ತಾವೇ ಸಮಾನಾಂತರ ಆಗುತ್ತವೆ. ಆಮೇಲೆ ಪೈಪನ್ನು ಅಷ್ಟಿಷ್ಟು ಸರಿಸಿ, ನೂಲಿನಿಂದ ಚಕ್ರದ ನಡುವಿಗೆ ಎಡ-ಬಲ ಒಂದೇ ಅಳತೆ ಬರಬೇಕು, ಮುಂದೆಯೂ ಹಿಂದೆಯೂ. ಮುಂದಿನ ಅಳತೆ ಹಿಂದಿನದಕ್ಕೆ ಹೊಂದದಿದ್ದರೆ ಗಾಬರಿ ಬೇಡ. ಮುಂದೆ 82 ಮಿ.ಮೀ., ಹಿಂದೆ 87 ಇರಬಹುದು, ಕಾರೇ ಹಾಗಿರುತ್ತದೆ. ನಾಲ್ಕನ್ನೂ ಒಂದೇ ಮಾಡಲು ಹೋಗಿ ಇಡೀ ಭಾನುವಾರ ಕಳೆದವರನ್ನು ನೋಡಿದ್ದೇನೆ.

ಕ್ಯಾಂಬರ್ ಮೊದಲು. ಅದನ್ನು ಮುಟ್ಟಿದರೆ ಟೋ ಬದಲಾಗುತ್ತದೆ, ಹಾಗಾಗಿ ಉಲ್ಟಾ ಮಾಡಿದರೆ ಎರಡೆರಡು ಸಲ ಕೆಲಸ. ಚಕ್ರಕ್ಕೆ ತಾಗದಂತೆ ಹೊರಗಡೆ ತೂಗುಗುಂಡು ಇಳಿಬಿಟ್ಟು, ಅದರ ದಾರದಿಂದ ರಿಮ್‌ನ ಮೇಲಂಚಿಗೂ ಕೆಳಂಚಿಗೂ ಅಳೆಯಿರಿ. 16 ಇಂಚಿನ ರಿಮ್‌ನ ಅಂಚಿನಿಂದ ಅಂಚಿಗೆ ಸುಮಾರು 430 ಮಿ.ಮೀ., ಅದರಲ್ಲಿ 7.5 ಮಿ.ಮೀ. ವ್ಯತ್ಯಾಸ ಅಂದರೆ 1 ಡಿಗ್ರಿ. ರಸ್ತೆಗೆ ಮೈನಸ್ ಒಂದೂವರೆ ಡಿಗ್ರಿ ಸಾಕು, ಮೈನಸ್ ಅಂದರೆ ತಲೆ ಒಳಕ್ಕೆ. ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ರೇಸ್ ಓಡಿಸುವವರು ತಮ್ಮಿಷ್ಟ. ನನ್ನ ಸಿವಿಕ್‌ನಲ್ಲಿ ಕಂಪನಿ ಕೊಟ್ಟಿರುವುದು ಟೋ ಬೋಲ್ಟ್ ಮಾತ್ರ, ಕ್ಯಾಂಬರ್‌ಗೆ ಬೇರೆ ಕಂಪನಿಯ ತೋಳು ಕೊಂಡು ಹಾಕಿಸಬೇಕು. ಅದರಲ್ಲಿ ಅಗ್ಗದ್ದು ತರಬೇಡಿ, ಕೀಲು ಸಡಿಲಾಗಿ ಆರು ತಿಂಗಳಿಗೆ ಕಟಕಟ ಶುರು.

ಎಲ್ಲರೂ ಕೆಡಿಸುವುದು ಟೋ ಹಂತದಲ್ಲಿ. ನಮ್ಮ ಮಳೆಗೆ ಕ್ಯಾಮ್ ಬೋಲ್ಟ್ ತೋಳಿನ ಬುಡದ ಕೀಲಿನಲ್ಲಿರುವ ರಬ್ಬರ್ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ನಟ್ ಸಡಿಲ ಮಾಡಿ ಪಾನಾ ಹಾಕಿ ಎಳೆದಿರಿ ಅಂದುಕೊಳ್ಳಿ. ಬೋಲ್ಟ್ ತಿರುಗಿತು, ಅಳತೆಯೂ ಬದಲಾಯಿತು, ಖುಷಿ. ಆದರೆ ತಿರುಗಿದ್ದು ಬೋಲ್ಟ್ ಜೊತೆ ಕೊಳವೆಯೂ, ಅಂದರೆ ರಬ್ಬರ್ ತಿರುಚಿಕೊಂಡಿತು ಅಷ್ಟೇ. ಬಿಗಿದು ನಾಲ್ಕು ಹಂಪ್ ದಾಟುವಷ್ಟರಲ್ಲಿ ಅದು ಮೊದಲಿನ ಜಾಗಕ್ಕೆ ಬರುತ್ತದೆ, ಇಲ್ಲವೇ ರಬ್ಬರ್ ಹರಿಯುತ್ತದೆ. ಅದಕ್ಕೇ ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಳಿಗ್ಗೆ ಮತ್ತೊಮ್ಮೆ. ಬೋಲ್ಟ್ ತಿರುಗಿಸುವಾಗ ಟಾರ್ಚ್ ಹಿಡಿದು ಕೊಳವೆಯನ್ನೇ ನೋಡುತ್ತಿರಿ. ಅದು ಅಲುಗದೆ ಬೋಲ್ಟ್ ಮಾತ್ರ ತಿರುಗಿದರೆ ಮುಂದುವರಿಯಿರಿ. ಇಲ್ಲದಿದ್ದರೆ ಬೋಲ್ಟ್ ಕೊಯ್ದು ತೆಗೆದು ಹೊಸ ಬೋಲ್ಟ್, ಹೊಸ ಬುಷ್ ಹಾಕಿಸುವುದೇ ದಾರಿ. ಕಾಯಿಸಿ ಬಿಡಿಸ್ತೀನಿ ಅನ್ನುವವರಿಗೆ ಕೊಡಬೇಡಿ, ಬುಷ್ ಸುಟ್ಟು ಹೋಗುತ್ತದೆ.

ತಿರುಗಿಸುವ ಮುಂಚೆ ಕ್ಯಾಮ್ ಎಲ್ಲಿತ್ತು ಅಂತ ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿ. ನಟ್ ಪೂರ್ತಿ ಬಿಡಬೇಡಿ, ಬೋಲ್ಟ್ ಬಿಗಿಯಾಗಿ ತಿರುಗುವಷ್ಟು ಮಾತ್ರ. ನೂಲಿನಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆಯಿರಿ. ನೂಲು ಹೊರಗಿದೆ ನೋಡಿ, ಹಾಗಾಗಿ ಮುಂದಿನ ಅಂಚು ನೂಲಿನಿಂದ ಹೆಚ್ಚು ದೂರ ಇದ್ದರೆ ಟೋ ಇನ್, ಅಂದರೆ ಮೂತಿ ಒಳಕ್ಕೆ; ಎರಡು ಅಳತೆಗಳ ವ್ಯತ್ಯಾಸವೇ ಟೋ. ಒಂದೊಂದು ಚಕ್ರಕ್ಕೂ 1 ಮಿ.ಮೀ. ಟೋ ಇನ್ ಇಡಿ, ಎಡಕ್ಕೂ ಬಲಕ್ಕೂ ಒಂದೇ. ಎಡಕ್ಕೆ 2, ಬಲಕ್ಕೆ 0 ಮಾಡಿದರೂ ಒಟ್ಟು 2 ಬರುತ್ತದೆ, ಕಾರು ಮಾತ್ರ ನಾಯಿ ಓಡುವ ಹಾಗೆ ಓರೆಯಾಗಿ ಹೋಗುತ್ತದೆ. ಕ್ಯಾಮ್ ಮೇಲಿನ ಒಂದು ಗೀಟಿನಷ್ಟು ತಿರುಗಿಸಿ, ಡಿಕ್ಕಿ ಮೇಲೆ ಕೈಯೂರಿ ಎರಡು ಸಲ ಒತ್ತಿ ಬಿಡಿ, ಆಮೇಲೆ ಅಳೆಯಿರಿ. ಒತ್ತದೆ ಅಳೆದ ಅಳತೆಗೆ ಬೆಲೆ ಇಲ್ಲ. ನಟ್ ಬಿಗಿಯುವಾಗಲೂ ಟೋ ಸರಿಯುತ್ತದೆ, ನನ್ನ ಕಾರಿನಲ್ಲಿ ಪ್ರತಿ ಸಲ ಅರ್ಧ ಮಿ.ಮೀ. ಹಾಗಾಗಿ ಒಬ್ಬರು ಬೋಲ್ಟ್ ತಲೆ ಹಿಡಿದಿರಬೇಕು, ಇನ್ನೊಬ್ಬರು ನಟ್ ಬಿಗಿಯಬೇಕು, ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಎಷ್ಟು ಬಿಗಿಯಬೇಕು ಅಂತ ಸರ್ವಿಸ್ ಮ್ಯಾನುಯಲ್ ನೋಡಿ, ಟಾರ್ಕ್ ಪಾನಾ ಬಳಸಿ. ತಗ್ಗಿಸುವಾಗ ಬಿಚ್ಚಿದ ಬೇರೆ ಬುಷ್ ಬೋಲ್ಟ್‌ಗಳನ್ನೂ ಕಾರಿನ ಭಾರ ಚಕ್ರದ ಮೇಲೆ ಇರುವಾಗಲೇ ಬಿಗಿಯಿರಿ, ಜ್ಯಾಕ್ ಮೇಲೆ ನೇತಾಡುವಾಗ ಅಲ್ಲ.

ಇನ್ನು ಕಾಗದದ ವಿಷಯ. ವಾಹನ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಎಷ್ಟು ತಗ್ಗಿಸಬಹುದು ಅಂತ ಆರ್‌ಟಿಒದಲ್ಲಿ ಮೊದಲೇ ಕೇಳಿ.

ವಿರಾಜಪೇಟೆ ಕಡೆಗೆ ಒಂದು ಸುತ್ತು ಹೋಗಿ ಬಂದು ಮತ್ತೆ ಅಳೆಯಿರಿ. ಸ್ಟೀರಿಂಗ್ ಸ್ವಲ್ಪ ಓರೆಯಾಗಿದ್ದರೆ ಅದು ಮುಂದಿನ ಚಕ್ರದ ಕೆಲಸ. ಈಗ ಅಂಗಡಿಗೆ ಹೋಗಿ, ಅಳತೆ ಬರೆದ ಚೀಟಿ ಕೊಟ್ಟು, ಹಿಂದಿನದನ್ನು ಮುಟ್ಟಬೇಡಿ ಅಂತ ಹೇಳಿ ಪಕ್ಕದಲ್ಲೇ ನಿಂತುಕೊಳ್ಳಿ.