15 ಹಾಳೆ ಮುಂದಿಟ್ಟುಕೊಂಡು ಇಲಾರಾಳನ್ನು ಮತ್ತೆ ಕಟ್ಟಿದ್ದು

ಪಾತ್‌ಫೈಂಡರ್ ಅಂದರೆ ದಾಳ ಹಾಕುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಟೇಬಲ್ ಆಟ. ಅದರ ಅಧಿಕೃತ ಕೂಟವಾದ ಪಾತ್‌ಫೈಂಡರ್ ಸೊಸೈಟಿಯಲ್ಲಿ ನಾನು ಆಡಿಸುವ ಕ್ಲೆರಿಕ್ (ದೇವರ ಶಕ್ತಿಯಿಂದ ಮಂತ್ರ ಹಾಕುವ ಪಾತ್ರ) ಹೆಸರು ಇಲಾರಾ. ಮನುಷ್ಯ ಜಾತಿ, ಸೂರ್ಯದೇವತೆ ಸರೆನ್ರೇಯ ಭಕ್ತೆ. ಅವಳು 6ನೇ ಲೆವೆಲ್‌ಗೆ ಬಂದ ಹೊತ್ತಿಗೆ ನಿಯಮಗಳೇ ಬದಲಾದವು. 2023ರ ಜನವರಿಯಲ್ಲಿ ಓಜಿಎಲ್ ಬಗ್ಗೆ, ಅಂದರೆ ಬೇರೆ ಕಂಪನಿಯ ಆಟದ ನಿಯಮಗಳನ್ನು ಬಳಸಲು ಬಿಡುವ ಲೈಸೆನ್ಸ್ ಬಗ್ಗೆ, ದೊಡ್ಡ ಗಲಾಟೆ ಎದ್ದಿತ್ತು. ಆ ಲೈಸೆನ್ಸಿನ ಹಂಗೇ ಬೇಡ ಅಂತ ಪಾತ್‌ಫೈಂಡರ್ ಹೊರತರುವ ಪೈಜೋ ಕಂಪನಿ ಆಟದ ಎರಡನೇ ಆವೃತ್ತಿಯನ್ನು ತಿದ್ದಿ ಬರೆಯಿತು. ಅದೇ ನವೆಂಬರ್‌ನಲ್ಲಿ ರೀಮಾಸ್ಟರ್ ಅನ್ನುವ ಈ ತಿದ್ದಿದ ರೂಪದ ಮೊದಲ ಪುಸ್ತಕಗಳು ಬಂದವು.

ಮನೆಯಲ್ಲಿ ಗೆಳೆಯರ ಜೊತೆ ಆಡುವಾಗ ಇದೇನು ದೊಡ್ಡ ತಲೆನೋವಲ್ಲ. ಆಟ ನಡೆಸುವ ಜಿಎಂ ಹತ್ತಿರ ಕೂತು ಮಾತಾಡಿದರೆ ಮುಗಿಯಿತು. ಸೊಸೈಟಿ ಆಟದಲ್ಲಿ ಹಾಗಲ್ಲ. ಪ್ರತಿ ಸಲ ಜಿಎಂ ಬೇರೆ, ಜೊತೆಗೆ ಆಡುವವರು ಬೇರೆ. ನಿಮ್ಮ ಪಾತ್ರ ಯಾರು ಅಂತ ಅವರಿಗೆ ಗೊತ್ತಾಗುವುದು ಪಾತ್ರದ ವಿವರವೆಲ್ಲ ಇರುವ ನಿಮ್ಮ ಶೀಟ್‌ನಿಂದ. ಅದು ಇವತ್ತಿನ ನಿಯಮಕ್ಕೆ ಸರಿಯಾಗಿ ಇರಲೇಬೇಕು.

ಮಾಮೂಲಿ ದಿನಗಳಲ್ಲಿ ಬದಲಾಯಿಸಲು ಅವಕಾಶ ಕಡಿಮೆ. 1ನೇ ಲೆವೆಲ್‌ನಲ್ಲಿ ಇರುವಾಗ ಏನು ಬೇಕಾದರೂ ತಿದ್ದಬಹುದು. 2ನೇ ಲೆವೆಲ್‌ನಲ್ಲಿ ಒಮ್ಮೆ ಆಡಲು ಕೂತರೆ ಆ ಬಾಗಿಲು ಮುಚ್ಚಿತು. ಆಮೇಲೆ ಇರುವುದು ರೀಟ್ರೈನಿಂಗ್, ಅಂದರೆ ಪಾತ್ರ ಮೊದಲು ಕಲಿತದ್ದನ್ನು ಬಿಟ್ಟು ಬೇರೆಯದು ಕಲಿಯುವುದು ಮಾತ್ರ. ಒಂದು ಸಿನಾರಿಯೋ (ಒಂದು ಸಾಹಸದ ಕಥೆ) ಆಡಿದರೆ ಪಾತ್ರಕ್ಕೆ 8 ದಿನದ ಡೌನ್‌ಟೈಮ್, ಅಂದರೆ ಬಿಡುವು, ಸಿಗುತ್ತದೆ. ಒಂದು ಫೀಟ್ (ಪಾತ್ರದ ವಿಶೇಷ ಕೌಶಲ) ಬದಲಿಸಲು ಒಂದು ವಾರ ಬೇಕು. ಸಾಮರ್ಥ್ಯದ ಅಂಕೆಗಳನ್ನು ಹಾಗೆ ಬದಲಿಸಲು ಆಗುವುದಿಲ್ಲ. ಹಾಗಾಗಿ ನಿಯಮ ಬದಲಾದಾಗ ಮತ್ತೆ ಕಟ್ಟುವ ಅವಕಾಶ ಸಿಕ್ಕರೆ ಅದನ್ನು ಅವಸರದಲ್ಲಿ ಬಳಸಬಾರದು. ನನ್ನ ಪಾತ್ರಕ್ಕೆ ಏನೇನು ಬದಲಿಸಬಹುದು ಅಂತ ಸಂಘಟಕರ ಹತ್ತಿರ ಮೊದಲೇ ಕೇಳಿ ಖಚಿತ ಮಾಡಿಕೊಂಡೆ.

ಆದರೂ ಶುರುವಿನಲ್ಲಿ ಎಡವಿದೆ. ಹೊಸ ಪುಸ್ತಕ ತೆರೆದು ನೇರ ಲೆಕ್ಕಕ್ಕೆ ಇಳಿದೆ. ಹಳೆಯ ನಿಯಮದಲ್ಲಿ ಕ್ಲೆರಿಕ್‌ಗೆ ದಿನಕ್ಕೆ ಸಿಗುವ ಹೆಚ್ಚುವರಿ ಹೀಲ್ (ಗಾಯ ವಾಸಿ ಮಾಡುವ) ಮಂತ್ರಗಳು ಕರಿಸ್ಮಾಕ್ಕೆ, ಅಂದರೆ ಜನರನ್ನು ಒಲಿಸುವ ಶಕ್ತಿಯ ಅಂಕೆಗೆ, ಒಂದು ಕೂಡಿಸಿದಷ್ಟು. ಇಲಾರಾಳ ಕರಿಸ್ಮಾ +4, ಅಂದರೆ 5 ಹೀಲ್. ರೀಮಾಸ್ಟರ್‌ನಲ್ಲಿ ಕರಿಸ್ಮಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 1ನೇ ಲೆವೆಲ್‌ನಲ್ಲಿ 4, 5ನೇ ಲೆವೆಲ್‌ನಿಂದ 5, ಎಲ್ಲ ಕ್ಲೆರಿಕ್‌ಗೂ ಅಷ್ಟೇ. ಅಂದರೆ ನಾನು ಇಷ್ಟು ದಿನ ಕರಿಸ್ಮಾಕ್ಕೆ ಸುರಿದದ್ದಕ್ಕೆ ಸಿಗುತ್ತಿದ್ದ 5 ಹೀಲ್ ಈಗ ಸುಮ್ನೆ ಸಿಗುತ್ತದೆ! ಕರಿಸ್ಮಾವನ್ನು +2ಕ್ಕೆ ಇಳಿಸಿ, ದೇಹದ ಗಟ್ಟಿತನದ ಅಂಕೆಯಾದ ಕಾನ್‌ಸ್ಟಿಟ್ಯೂಶನ್ ಅನ್ನು +2ರಿಂದ +4ಕ್ಕೆ ಏರಿಸಿದೆ. ಎಷ್ಟು ಪೆಟ್ಟು ತಾಳಬಲ್ಲಳು ಅನ್ನುವ ಹಿಟ್ ಪಾಯಿಂಟ್ 68 ಇದ್ದದ್ದು 80 ಆಯಿತು. ಮುಂದೆ ನಿಂತು ಗಾಯಾಳುಗಳನ್ನು ಎಬ್ಬಿಸುವವಳಿಗೆ 12 ಪಾಯಿಂಟ್ ಅಂದರೆ ಜಾಸ್ತಿಯೇ ಅಲ್ವಾ? ಅವತ್ತು ನನಗೆ ತುಂಬ ಖುಷಿಯಾಗಿತ್ತು.

ಅದನ್ನು ಪಕ್ಕಾ ಮಾಡುವ ಮೊದಲು, ಲೆಕ್ಕಕ್ಕೆ ಇಲ್ಲದ ಒಂದು ಆಟದಲ್ಲಿ ಪರೀಕ್ಷೆ ಮಾಡೋಣ ಅಂತ ಗೆಳೆಯರನ್ನು ಕೇಳಿಕೊಂಡೆ. ಇದೊಂದು ಕೆಲಸ ಮಾಡಿದ್ದಕ್ಕೆ ಇವತ್ತಿಗೂ ನೆಮ್ಮದಿ ಇದೆ.

ಆಟದ ನಡುವೆ ಒಬ್ಬ ದರೋಡೆಕೋರ ಸೇತುವೆ ಮೇಲೆ ಒತ್ತೆಯಾಳನ್ನು ಹಿಡಿದು ನಿಂತ. ಎಲ್ಲರೂ ನನ್ನ ಕಡೆ ತಿರುಗಿದರು. ಅದು ಇಲಾರಾಳ ಕೆಲಸ ಅಂತ ಹೇಳಿಕೊಡಬೇಕಾಗಿರಲಿಲ್ಲ. ಅವಳು ಕತ್ತಿ ಕೆಳಗಿಟ್ಟು ಮಾತಿಗೆ ನಿಂತಳು. ದಾಳ ಹಾಕಿದೆ, 9 ಬಿತ್ತು. ಮಾತಿನಿಂದ ಒಪ್ಪಿಸುವ ಕೌಶಲ, ಹೊಸ ಡಿಪ್ಲೊಮಸಿ +12 ಸೇರಿ 21. ಬೇಕಾಗಿದ್ದದ್ದು 22. ಕರಿಸ್ಮಾ ಇಳಿಸುವ ಮೊದಲು, ಹಳೆಯ ಶೀಟ್‌ನಲ್ಲಿ ಅದು +14 ಇತ್ತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತಿದ್ದ ಗೆಳತಿ ಮೆಲ್ಲಗೆ ಕೇಳಿದಳು: "ಇವಳು ನಮ್ಮ ಇಲಾರಾನೇನಾ?"

ಒಂದು ದಾಳದಲ್ಲಿ ಸೋಲುವುದು ಆಟದಲ್ಲಿ ಇದ್ದದ್ದೇ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಗೆ ಬಂದು, ಆಡಿದ ಪ್ರತಿ ಸಿನಾರಿಯೋಗೆ ಸಿಕ್ಕ ದಾಖಲೆ ಹಾಳೆಗಳಾದ ಹಳೆಯ ಕ್ರಾನಿಕಲ್ ಶೀಟ್‌ಗಳನ್ನೆಲ್ಲ ಹರವಿಕೊಂಡು ಕೂತೆ. ಸಿನಾರಿಯೋಗೆ 4 ಎಕ್ಸ್‌ಪಿ (ಅನುಭವದ ಅಂಕ), ಒಂದು ಲೆವೆಲ್ ಏರಲು 12. 6ನೇ ಲೆವೆಲ್‌ಗೆ ಬರಲು 15 ಹಾಳೆ. ಒಂದೊಂದೇ ಓದುತ್ತ ಹೋದೆ. ಆ ಸಾಹಸದಲ್ಲಿ ಇಲಾರಾ ಏನು ಮಾಡಿದಳು ಅಂತ ನೆನಪಿಗೆ ಬಂದದ್ದನ್ನು ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದೆ. ಗಾಯ ವಾಸಿ ಮಾಡಿದ್ದು ಎಲ್ಲ ಹಾಳೆಯಲ್ಲೂ ಇತ್ತು. ಶತ್ರುವಿನ ಜೊತೆ ಮಾತಾಡಿ ಜಗಳ ನಿಲ್ಲಿಸಿದ್ದು 6 ಕಡೆ. ಪೆಟ್ಟು ತಿಂದು ನೆಲಕ್ಕೆ ಬಿದ್ದದ್ದು 4 ಕಡೆ. ಅವಳಿಗೆ ಹಿಟ್ ಪಾಯಿಂಟ್ ಬೇಕು ಅನ್ನುವುದು ಸುಳ್ಳಲ್ಲ. ಆದರೆ ಮಾತು ಅವಳ ಸ್ವಭಾವ. ತಪ್ಪು ಮಾಡಿದವರು ತಿದ್ದಿಕೊಳ್ಳಲು ದಾರಿ ಬಿಡಬೇಕು ಅನ್ನುವುದು ಸರೆನ್ರೇಯ ಆಜ್ಞೆಗಳಲ್ಲೇ ಇದೆ. ನಾನು ಆ ದೇವತೆಯನ್ನು ಆರಿಸಿದ್ದೇ ಅದಕ್ಕಾಗಿ.

ಹಾಗಾಗಿ ಎರಡನೇ ಸಲ ಕಟ್ಟುವಾಗ ಪ್ರತಿ ಅಂಕೆ ಎಲ್ಲಿಂದ ಬಂತು ಅಂತ ನೋಡಿದೆ. ಕರಿಸ್ಮಾಕ್ಕೆ ಒಂದು ಏರಿಕೆ ಬಂದದ್ದು ಮನುಷ್ಯ ಜಾತಿಯಿಂದ. ಇನ್ನೊಂದು ಹಿನ್ನೆಲೆಯಿಂದ. ಉಳಿದವು ನನ್ನ ಇಷ್ಟದವು. ಹಿನ್ನೆಲೆಯದ್ದನ್ನು ಮುಟ್ಟಲಿಲ್ಲ. ದೀಕ್ಷೆ ತಗೊಳ್ಳುವ ಮೊದಲು ಅವಳು ಸಂತೆಯಲ್ಲಿ ವ್ಯಾಪಾರಕ್ಕೆ ಕೂತವಳು, ಮಾತು ಕಲಿತದ್ದು ಅಲ್ಲಿ. ಅದನ್ನು ಕಿತ್ತರೆ ಅವಳ ಬಾಲ್ಯವನ್ನೇ ಕಿತ್ತ ಹಾಗೆ. ಜಾತಿಯಿಂದ ಬಂದ ಒಂದನ್ನು ಮಾತ್ರ ಕಾನ್‌ಸ್ಟಿಟ್ಯೂಶನ್‌ಗೆ ಕೊಟ್ಟೆ. ಎರಡೂ +3 ಆದವು. ಹಿಟ್ ಪಾಯಿಂಟ್ 74, ಡಿಪ್ಲೊಮಸಿ +13. ಸೇತುವೆಯ ಆ 9ನ್ನು ಮತ್ತೆ ಕೂಡಿಸಿ ನೋಡಿದೆ. ಸರಿಯಾಗಿ 22.

ಉಳಿದದ್ದು ಬೇಗ ಮುಗಿಯಿತು. ಹಣ, ಸಾಮಾನು, ಬೂನ್‌ಗಳು (ಪಾತ್ರಕ್ಕೆ ಸಿಕ್ಕ ವಿಶೇಷ ಸವಲತ್ತುಗಳು) ಕ್ರಾನಿಕಲ್‌ನಲ್ಲಿ ಇದ್ದ ಹಾಗೇ ಇಳಿಸಿಕೊಂಡೆ. ಸ್ಪೆಲ್ ಲೆವೆಲ್ ಅನ್ನುವ ಕಡೆ ಸ್ಪೆಲ್ ರ್‍ಯಾಂಕ್ ಅಂತ ಬರೆದೆ. ಎಚ್ಚರ ತಪ್ಪಿದ ಸ್ಥಿತಿಗೆ ಇದ್ದ ಫ್ಲ್ಯಾಟ್‌ಫುಟೆಡ್ ಅನ್ನುವ ಹೆಸರು ಈಗ ಆಫ್‌ಗಾರ್ಡ್. ಈ ಹೆಸರುಗಳಿಗೆ ಹಳೆಯದು ಹೊಸದು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಶೀಟ್‌ಗೆ ಸಿಕ್ಕಿಸಿದೆ, ಯಾಕಂದರೆ ಟೇಬಲ್‌ನಲ್ಲಿ ಅರ್ಧ ಜನ ಇನ್ನೂ ಹಳೆಯ ಹೆಸರೇ ಹೇಳುತ್ತಾರೆ.

ಸ್ವಲ್ಪ ಹೊತ್ತು ಕೈ ತಡೆದದ್ದು ಅಲೈನ್‌ಮೆಂಟ್ (ಪಾತ್ರ ಒಳ್ಳೆಯದೋ ಕೆಟ್ಟದೋ ಅನ್ನುವ ಗುರುತು) ಇದ್ದ ಜಾಗದಲ್ಲಿ. "ನ್ಯೂಟ್ರಲ್ ಗುಡ್" ಅಂತ ಮೊದಲ ದಿನ ಬರೆದದ್ದು. ರೀಮಾಸ್ಟರ್‌ನಲ್ಲಿ ಅಲೈನ್‌ಮೆಂಟೇ ಇಲ್ಲ. ಆ ಜಾಗ ಖಾಲಿ ಬಿಡಲು ಮನಸ್ಸಾಗಲಿಲ್ಲ. ಅವಳು ಏನು ಮಾಡಲೇಬೇಕು, ಏನು ಮಾಡಲೇಬಾರದು ಅಂತ ಎರಡು ಸಾಲು ಬರೆದೆ. ಶರಣಾದವರನ್ನು ಕೊಲ್ಲಬಾರದು ಅನ್ನುವುದು ಅದರಲ್ಲಿ ಒಂದು. ನಿಜ ಹೇಳಬೇಕೆಂದರೆ, ಹಳೆಯ ಎರಡು ಪದಗಳಿಗಿಂತ ಈ ಸಾಲುಗಳಲ್ಲಿ ಅವಳು ಜಾಸ್ತಿ ಕಾಣುತ್ತಾಳೆ. ಹೊಸ ಜಿಎಂಗೂ ಓದಿದ ಕೂಡಲೇ ಅರ್ಥವಾಗುತ್ತದೆ.

ಅಲೈನ್‌ಮೆಂಟ್ ಹೋದದ್ದರಿಂದ ಡಿವೈನ್ ಲ್ಯಾನ್ಸ್ ಮಂತ್ರವೂ ಬದಲಾಯಿತು. ಮೊದಲು ಇಲಾರಾಳ ಬೆಳಕಿನ ಈಟಿ ದುಷ್ಟರಿಗೆ ಮಾತ್ರ ತಾಗುತ್ತಿತ್ತು. ತೋಳ ಮೈಮೇಲೆ ಬಿದ್ದರೆ ಅದರಿಂದ ಏನೂ ಆಗುತ್ತಿರಲಿಲ್ಲ, ತೋಳ ದುಷ್ಟ ಅಲ್ಲವಲ್ಲ. ಈಗ ಅದು ಸ್ಪಿರಿಟ್ ಡ್ಯಾಮೇಜ್, ಆತ್ಮ ಇರುವ ಯಾವುದಕ್ಕಾದರೂ ತಾಗುತ್ತದೆ. ಅವಳ ಲೆವೆಲ್‌ಗೆ ಮೊದಲು 3ಡಿ4ಗೆ, ಅಂದರೆ ನಾಲ್ಕು ಮುಖದ ಮೂರು ದಾಳದ ಮೊತ್ತಕ್ಕೆ, 4 ಕೂಡಿಸಬೇಕಿತ್ತು, ಈಗ ಬರೀ 4ಡಿ4. ಸರಾಸರಿ ಒಂದೂವರೆ ಪಾಯಿಂಟ್ ಕಡಿಮೆ. ಅದಕ್ಕೆ ನನಗೆ ಬೇಸರವಿಲ್ಲ.

ಹೊಸ ಶೀಟ್ ಹಿಡಿದು ಅಧಿಕೃತ ಆಟಕ್ಕೆ ಹೋದಾಗ ಅದೇ ಗೆಳತಿ ಎದುರಿಗೆ ಕೂತಿದ್ದಳು. ಮೊದಲ ಕಾಳಗದಲ್ಲೇ ಕಾಡುನಾಯಿಗಳ ಹಿಂಡು ನುಗ್ಗಿತು. ನಾನು ಡಿವೈನ್ ಲ್ಯಾನ್ಸ್ ಅಂದೆ. ಅವಳು ಅಭ್ಯಾಸದಲ್ಲಿ "ಅದು ನಾಯಿಗೆ ತಾಗಲ್ಲ ಕಣೇ" ಅಂದಳು. ನಾನು ನಾಲ್ಕು ದಾಳ ಕೈಗೆ ತಗೊಂಡು ಶೀಟನ್ನು ಅವಳ ಕಡೆ ತಿರುಗಿಸಿದೆ.