ಹುಬ್ಬಳ್ಳಿಯಲ್ಲಿ ಪಿಸಿ, ಧಾರವಾಡದಲ್ಲಿ ಪಿಎಸ್4, ಕಂಟ್ರೋಲರ್ ಮಾತ್ರ ಒಂದೇ

ಕಾರ್ ರೇಸ್ ಗೇಮನ್ನು ಕೀಬೋರ್ಡಿನಲ್ಲಿ ಆಡೋದು ನನ್ನ ಕೈಲಿ ಆಗದ ಕೆಲಸ. ಬಾಣದ ಕೀ ಒತ್ತಿದರೆ ಸ್ಟೀರಿಂಗ್ ಪೂರ್ತಿ ತಿರುಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ನಡುವೆ ಏನೂ ಇಲ್ಲ. ಕಂಟ್ರೋಲರಿನ ಸ್ಟಿಕ್ ಹಾಗಲ್ಲ. ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಯಂತ್ರ) ಜೊತೆ ಬರುವ ಕಂಟ್ರೋಲರ್ ಡ್ಯುಯಲ್‌ಶಾಕ್ 4 ತನ್ನ ಸ್ಟಿಕ್ ಎಡತುದಿಯಿಂದ ಬಲತುದಿಯವರೆಗೆ ಎಲ್ಲಿದೆ ಅನ್ನೋದನ್ನು 0ಯಿಂದ 255ರವರೆಗಿನ ಅಳತೆಯಲ್ಲಿ ಹೇಳುತ್ತದೆ. ಸ್ವಲ್ಪ ವಾಲಿಸಿದರೆ ಕಾರೂ ಸ್ವಲ್ಪವೇ ತಿರುಗುತ್ತದೆ. ಎಲ್2, ಆರ್2 ಬಟನ್‌ಗಳೂ ಹೀಗೇ. ಬ್ರೇಕನ್ನು ಅರ್ಧ ಒತ್ತಬಹುದು.

ನನ್ನ ಪಿಸಿ ಇರೋದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಪಿಎಸ್4 ಇರೋದು ಧಾರವಾಡದ ಸಪ್ತಾಪುರದಲ್ಲಿ, ಚಿಕ್ಕಪ್ಪನ ಮಗನ ಮನೆಯಲ್ಲಿ. ಅಲ್ಲಿಯ ಕಂಟ್ರೋಲರ್‌ಗಳಲ್ಲಿ ಒಂದು ನನ್ನದು. ವಾರವಿಡೀ ಅದು ಇಲ್ಲಿ ಪಿಸಿ ಮುಂದೆ, ರಜೆ ಬಂದರೆ ಬ್ಯಾಗಿನಲ್ಲಿ ಕೂತು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ. ಹೀಗೆ ಎರಡು ಮನೆ ಸಂಸಾರ ಮಾಡಿಸಿದ್ದರಿಂದಲೇ ಇದರ ಒಳಗುಟ್ಟು ನನಗೆ ಚೆನ್ನಾಗಿ ತಿಳಿಯಿತು.

ಮೊದಲು ನಿಮ್ಮ ಹತ್ತಿರ ಇರೋದು ಯಾವ ಕಂಟ್ರೋಲರ್ ಅಂತ ನೋಡಿಕೊಳ್ಳಿ. ವೈರ್‌ಲೆಸ್ ಅಂದ ಮಾತ್ರಕ್ಕೆ ಬ್ಲೂಟೂತ್ ಅಲ್ಲ. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ರ ವೈರ್‌ಲೆಸ್ ಕಂಟ್ರೋಲರ್ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ, ಆದರೆ ಬ್ಲೂಟೂತ್ ಬಳಸುವುದಿಲ್ಲ. ಅದಕ್ಕೆ ಬೇರೆಯೇ ರಿಸೀವರ್ ಬೇಕು. ಅದರ ಜೊತೆ ಸಿಗುವ ಚಾರ್ಜಿಂಗ್ ಕೇಬಲ್ ಚುಚ್ಚಿದರೂ ಪಿಸಿಗೆ ಅದು ಕಾಣುವುದಿಲ್ಲ, ಆ ಕೇಬಲ್ ಕರೆಂಟ್ ಮಾತ್ರ ಕೊಡುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. 2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರಿನಲ್ಲೂ ಬ್ಲೂಟೂತ್ ಇಲ್ಲ. 2016ರಲ್ಲಿ ಒನ್ ಎಸ್ ಜೊತೆ ಬಂದದ್ದರಲ್ಲಿ ಇದೆ. ಗುರುತು ಹಿಡಿಯೋದು ಸುಲಭ. ನಡುವಿನ ಎಕ್ಸ್‌ಬಾಕ್ಸ್ ಬಟನ್ ಸುತ್ತಲಿನ ಪ್ಲಾಸ್ಟಿಕ್ ಕೆಳಗಿನ ಮುಖದ ಪ್ಲಾಸ್ಟಿಕ್ ಜೊತೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಇದೆ. ಮೇಲೆ ಬೇರೆ ಹೊಳಪಿನ ತುಂಡು ಕೂರಿಸಿದ್ದರೆ ಇಲ್ಲ. ಅಂಗಡಿಯಲ್ಲಿ ನಿಂತು ಅರ್ಧ ನಿಮಿಷದಲ್ಲಿ ನೋಡಬಹುದು. ಪಿಎಸ್4, ಪಿಎಸ್5 ಕಂಟ್ರೋಲರ್‌ಗಳ ವಿಷಯದಲ್ಲಿ ಈ ತಲೆನೋವಿಲ್ಲ, ಎಲ್ಲದರಲ್ಲೂ ಬ್ಲೂಟೂತ್ ಇದೆ.

ನನ್ನದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಅದರಲ್ಲಿ ಬ್ಲೂಟೂತ್ ಇರಲಿಲ್ಲ. ಕೊಪ್ಪಿಕರ್ ರಸ್ತೆಯ ಕಡೆ ಹೋದಾಗ ಒಂದು ಸಣ್ಣ ಯುಎಸ್‌ಬಿ ಡಾಂಗಲ್ ತಂದೆ. ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಮಾತು: ಒಳಗೆ ಬ್ಲೂಟೂತ್ ಇದ್ದೂ ಮೇಲೆ ಡಾಂಗಲ್ ಹಾಕುವುದಾದರೆ ಒಳಗಿನದನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿ. ವಿಂಡೋಸ್ ಒಂದು ಸಲಕ್ಕೆ ಒಂದೇ ಬ್ಲೂಟೂತ್ ರೇಡಿಯೋ ಜೊತೆ ಸರಿಯಾಗಿ ಕೆಲಸ ಮಾಡುತ್ತದೆ.

ಪೇರ್ ಮಾಡೋದು ಹೀಗೆ. ಟಚ್‌ಪ್ಯಾಡಿನ ಎಡಗಡೆ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಶೇರ್ ಬಟನ್ ಇದೆ. ಅದನ್ನು ಒತ್ತಿ ಹಿಡಿದು, ಬಿಡದೆ ನಡುವಿನ ಪಿಎಸ್ ಬಟನ್ನನ್ನೂ ಒತ್ತಿ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಮುಂದಿನ ಲೈಟ್ ಪಟಪಟ ಅಂತ ಎರಡೆರಡು ಸಲ ಮಿನುಗಲು ಶುರುವಾಗುತ್ತದೆ. ಈ ಜೋಡಿ ಮಿನುಗು ಬಂದರೆ ಅದು ಹೊಸ ಸಂಬಂಧ ಹುಡುಕುತ್ತಿದೆ ಅಂತ ಅರ್ಥ. ಲೈಟ್ ನಿಧಾನವಾಗಿ ಮಿನುಗಿ ಆರಿಹೋದರೆ ಅದು ಹಳೇ ಪಿಎಸ್4 ಅನ್ನೇ ಕರೆಯುತ್ತಿದೆ, ಪಿಸಿ ಕಡೆ ಮುಖವೂ ತಿರುಗಿಸಿಲ್ಲ. ಬಹಳ ಜನ ಬರೀ ಪಿಎಸ್ ಬಟನ್ ಒತ್ತಿ ಕಾಯುತ್ತಾ ಕೂರುತ್ತಾರೆ. ಸರಿಯಾಗಿ ಮಿನುಗಿದರೆ ವಿಂಡೋಸ್‌ನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ‘ವೈರ್‌ಲೆಸ್ ಕಂಟ್ರೋಲರ್’ ಅಂತ ಹೆಸರು ಬರುತ್ತದೆ, ಒತ್ತಿದರೆ ಮುಗಿಯಿತು. ಪಿಎಸ್5 ಕಂಟ್ರೋಲರಿಗೂ ಇದೇ ದಾರಿ, ಶೇರ್ ಬದಲು ಕ್ರಿಯೇಟ್ ಬಟನ್ ಅಷ್ಟೇ. ಎಕ್ಸ್‌ಬಾಕ್ಸ್‌ನದಾದರೆ ಮೇಲ್ಗಡೆ ಒಂದು ಸಣ್ಣ ಪೇರ್ ಬಟನ್ ಇರುತ್ತದೆ.

ಇಷ್ಟಾದ ಮೇಲೆ ಗೇಮ್ ಓಪನ್ ಮಾಡಿದರೆ ಏನೂ ಆಗುವುದಿಲ್ಲ. ವಿಂಡೋಸ್ ‘ಕನೆಕ್ಟೆಡ್’ ಅನ್ನುತ್ತದೆ, ಗೇಮ್ ತಿರುಗಿಯೂ ನೋಡುವುದಿಲ್ಲ. ನನ್ನ ಗೆಳೆಯರಲ್ಲಿ ಮುಕ್ಕಾಲು ಜನ ಇಲ್ಲಿಗೆ ಬಂದು ಡಾಂಗಲ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಡುತ್ತಾರೆ. ಡಾಂಗಲ್ ತನ್ನ ಕೆಲಸ ಮಾಡಿಯಾಗಿದೆ. ಬಟನ್ ಒತ್ತಿದ್ದನ್ನು ಪಿಸಿಗೆ ಮುಟ್ಟಿಸೋದು ಒಂದು ಕೆಲಸ, ಅದನ್ನು ಗೇಮಿಗೆ ತಿಳಿಯೋ ಹಾಗೆ ಹೇಳೋದು ಇನ್ನೊಂದು ಕೆಲಸ. ಎರಡರಲ್ಲಿ ಯಾವುದು ನಿಂತಿದೆ ಅಂತ ಮೊದಲು ಪತ್ತೆ ಮಾಡಿ, ಆಮೇಲೆ ಬೇಕಾದ್ದು ಬಿಚ್ಚಿ.

ಪತ್ತೆಗೆ ವಿಂಡೋಸ್‌ನಲ್ಲೇ ದಾರಿ ಇದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ‘ಜಾಯ್ ಡಾಟ್ ಸಿಪಿಎಲ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಹಳೇ ಕಾಲದ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಕಂಟ್ರೋಲರ್ ಆರಿಸಿ ಪ್ರಾಪರ್ಟೀಸ್‌ಗೆ ಹೋದರೆ ಒಂದು ಚೌಕ, ಅದರೊಳಗೆ ಪ್ಲಸ್ ಗುರುತು, ಪಕ್ಕದಲ್ಲಿ ಬಟನ್‌ಗಳ ಸಾಲು. ಸ್ಟಿಕ್ ಅಲ್ಲಾಡಿಸಿದಂತೆ ಪ್ಲಸ್ ಓಡಾಡಿದರೆ ಮೊದಲ ಕೆಲಸ ಸರಿಯಾಗಿದೆ. ತೊಂದರೆ ಗೇಮಿನ ಕಡೆ.

ಕಾರಣ ಇಷ್ಟೇ. ವಿಂಡೋಸ್‌ನ ಹೆಚ್ಚಿನ ಗೇಮ್‌ಗಳು ಎಕ್ಸ್‌ಇನ್‌ಪುಟ್ ಅನ್ನೋ ಪದ್ಧತಿಗೆ ಬರೆದಂಥವು. ಮೈಕ್ರೋಸಾಫ್ಟ್ ಅದನ್ನು ಎಕ್ಸ್‌ಬಾಕ್ಸ್ 360 ಕಾಲದಲ್ಲಿ ತಂದಿತು. ಎಕ್ಸ್‌ಬಾಕ್ಸ್ ಕಂಟ್ರೋಲರ್ ಆದರೆ ನೇರ ನಡೆಯುತ್ತದೆ. ಸೋನಿಯದು ಬೇರೆ ದಾರಿ. ನಡುವೆ ಒಬ್ಬ ದುಭಾಷಿ ಬೇಕು. ಅಂಥ ದುಭಾಷಿಗಳಲ್ಲಿ ನಾನು ಸ್ಟೀಮ್, ಡಿಎಸ್4ವಿಂಡೋಸ್ ಎರಡನ್ನೂ ಬಳಸಿದ್ದೇನೆ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್ ಆದರೆ ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಪ್ಲೇಸ್ಟೇಷನ್ ಬೆಂಬಲ ಆನ್ ಮಾಡಿದರೆ ಸಾಕು, 2016ರ ಕೊನೆಯಿಂದಲೇ ಅದರಲ್ಲಿ ಡ್ಯುಯಲ್‌ಶಾಕ್ 4ಕ್ಕೆ ಜಾಗವಿದೆ. ಹೊರಗಿನ ಗೇಮನ್ನೂ ‘ನಾನ್ ಸ್ಟೀಮ್ ಗೇಮ್’ ಅಂತ ಲೈಬ್ರರಿಗೆ ಸೇರಿಸಿ ಓಡಿಸಬಹುದು. ಸ್ಟೀಮ್ ಬೇಡ ಅನ್ನೋರಿಗೆ ಡಿಎಸ್4ವಿಂಡೋಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದು ವಿಜೆಮ್‌ಬಸ್ ಡ್ರೈವರ್ ಮೂಲಕ ಒಂದು ಸುಳ್ಳು ಎಕ್ಸ್‌ಬಾಕ್ಸ್ ಕಂಟ್ರೋಲರನ್ನು ಹುಟ್ಟಿಸಿ ಗೇಮಿನ ಮುಂದೆ ನಿಲ್ಲಿಸುತ್ತದೆ. ಅದೇ ಹೆಸರಿನಲ್ಲಿ ಕಂಡಕಂಡ ಸೈಟುಗಳಿವೆ, ಇಳಿಸಿಕೊಳ್ಳೋದಾದರೆ ಗಿಟ್‌ಹಬ್‌ನಿಂದಲೇ ಇಳಿಸಿಕೊಳ್ಳಿ.

ಎರಡನ್ನೂ ಒಟ್ಟಿಗೆ ಆನ್ ಇಡಬೇಡಿ. ಇಟ್ಟರೆ ಏನಾಗುತ್ತದೆ ಅಂದರೆ, ಮೆನುವಿನಲ್ಲಿ ಕೆಳಗೆ ಒಂದು ಸಲ ಒತ್ತಿದರೆ ಎರಡು ಸಾಲು ಜಿಗಿಯುತ್ತದೆ. ಗೇಮ್‌ಗೆ ನಿಜವಾದ ಕಂಟ್ರೋಲರೂ ಕಾಣುತ್ತದೆ, ಸುಳ್ಳಿನದೂ ಕಾಣುತ್ತದೆ. ಫುಟ್‌ಬಾಲ್ ಗೇಮಿನಲ್ಲಂತೂ ಪಾಸ್ ಕೊಡಲು ಹೋದರೆ ಚೆಂಡು ಎಲ್ಲೆಲ್ಲೋ. ಡಿಎಸ್4ವಿಂಡೋಸ್ ಜೊತೆ ಹಿಡ್‌ಹೈಡ್ (HidHide) ಅನ್ನೋ ಇನ್ನೊಂದು ಸಣ್ಣ ಡ್ರೈವರ್ ಹಾಕಿದರೆ ನಿಜವಾದದ್ದನ್ನು ಗೇಮಿನ ಕಣ್ಣಿಗೆ ಮರೆಮಾಡಬಹುದು. ಪರದೆ ಮೇಲೆ ಮಾತ್ರ ಎ, ಬಿ, ಎಕ್ಸ್, ವೈ ಅಂತಲೇ ತೋರಿಸುತ್ತದೆ, ಕೈಯಲ್ಲಿರೋದು ತ್ರಿಕೋನ, ಚೌಕ. ನಮ್ಮ ಮನೆ ಹುಡುಗರಿಗೆ ಅದು ಒಂದೇ ಸಂಜೆಗೆ ರೂಢಿಯಾಯಿತು. ನನಗೆ ಇನ್ನೂ ಆಗಿಲ್ಲ.

ಇನ್ನು ನಡುನಡುವೆ ತಡವರಿಸುವ ಕಾಟ. ಬಟನ್ ಒತ್ತಿದ ಮೇಲೆ ಆಟಗಾರ ಯೋಚನೆ ಮಾಡಿ ಓಡಿದ ಹಾಗೆ ಆಗುತ್ತಿತ್ತು. ನನ್ನ ಸಿಪಿಯು ಮೇಜಿನ ಕೆಳಗೆ, ಡಾಂಗಲ್ ಅದರ ಬೆನ್ನಿಗೆ, ಪಕ್ಕದ ನೀಲಿ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್. ಆ ನೀಲಿ ಪೋರ್ಟೇ ಕಳ್ಳ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ. ಬ್ಲೂಟೂತ್ ಓಡೋದೂ ಅದೇ ಜಾಗದಲ್ಲಿ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲ್ಲನ್ನು ಮೇಜಿನ ಮೇಲೆ, ಮಾನಿಟರ್ ಪಕ್ಕಕ್ಕೆ ಎತ್ತಿಟ್ಟೆ. ತಡವರಿಕೆ ಬಹುತೇಕ ಹೋಯಿತು. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿದ್ದರಿಂದ ಇನ್ನಷ್ಟು ಹಗುರಾಯಿತು. ಬ್ಲೂಟೂತ್ ಹೆಡ್‌ಫೋನನ್ನೂ ಅದೇ ಡಾಂಗಲ್ಲಿಗೆ ಕಟ್ಟಿದರೆ ಮತ್ತೆ ಶುರು, ಹಾಗಾಗಿ ಆಡುವಾಗ ನಾನು ವೈರಿನ ಹೆಡ್‌ಫೋನನ್ನೇ ಹಾಕಿಕೊಳ್ಳುತ್ತೇನೆ. ಡಾಂಗಲ್ಲಿಗೆ ಜಾಸ್ತಿ ದುಡ್ಡು ಹಾಕೋ ಮುಂಚೆ ಈ ವೈರ್ ಒಂದನ್ನು ಹಾಕಿ ನೋಡಿ.

ಬ್ಯಾಟರಿ 1000 ಎಂಎಎಚ್, ದೊಡ್ಡದೇನಲ್ಲ. ಅದರಲ್ಲಿ ಒಂದಿಷ್ಟನ್ನು ಮುಂದಿನ ಲೈಟೇ ತಿನ್ನುತ್ತದೆ. ಡಿಎಸ್4ವಿಂಡೋಸ್‌ನಲ್ಲಿ ಅದನ್ನು ಮಂಕು ಮಾಡಿಟ್ಟಿದ್ದೇನೆ, ಸುಮ್ನೆ ಬಿಟ್ಟು ಎದ್ದುಹೋದರೆ ತಾನೇ ಆಫ್ ಆಗೋ ಹಾಗೂ ಇಟ್ಟಿದ್ದೇನೆ. ಆಫ್ ಮಾಡಲೇಬೇಕು ಅಂದರೆ ಪಿಎಸ್ ಬಟನ್ನನ್ನು ಸುಮಾರು 10 ಸೆಕೆಂಡ್ ಹಿಡಿಯಿರಿ. ಚಾರ್ಜಿಗೆ ಮೈಕ್ರೋ ಯುಎಸ್‌ಬಿ ಕೇಬಲ್. ಕೇಬಲ್ ಕೊಳ್ಳುವಾಗ ‘ಡೇಟಾ ಕೇಬಲ್ ಕೊಡಿ’ ಅಂತ ಬಾಯಿಬಿಟ್ಟು ಕೇಳಿ. ಹಳೇ ಪವರ್ ಬ್ಯಾಂಕ್ ಜೊತೆ ಬಂದ ಕೇಬಲ್‌ಗಳಲ್ಲಿ ಎಷ್ಟೋ ಬಾರಿ ಕರೆಂಟಿನ ಎಳೆ ಮಾತ್ರ ಇರುತ್ತದೆ. ಲೈಟ್ ಹತ್ತುತ್ತದೆ, ಪಿಸಿಗೆ ಏನೂ ಕಾಣುವುದಿಲ್ಲ.

ಹುಬ್ಬಳ್ಳಿ ಧೂಳಿನ ಬಗ್ಗೆ ಹೇಳೋದೇ ಬೇಡ, ಅಲ್ವಾ? ಜೊತೆಗೆ ಗಿರ್ಮಿಟ್ ತಿಂದ ಕೈ. ಸ್ಟಿಕ್ ಬುಡದಲ್ಲಿ ಕೊಳೆ ಕೂತು, ಸ್ಟಿಕ್ ಎಲ್ಲಿದೆ ಅಂತ ಅಳೆಯುವ ಒಳಗಿನ ಪೊಟೆನ್ಷಿಯೋಮೀಟರ್ ಸವೆದು, ಮುಟ್ಟದೆಯೇ ಆಟಗಾರ ಎಡಕ್ಕೆ ನಡೆಯತೊಡಗಿದ. ಸ್ಟೀಮ್‌ನಲ್ಲಾಗಲಿ ಡಿಎಸ್4ವಿಂಡೋಸ್‌ನಲ್ಲಾಗಲಿ ಡೆಡ್ ಜೋನ್ ಸ್ವಲ್ಪ ಹೆಚ್ಚಿಸಿದರೆ ನಡುವಿನ ಆ ಸಣ್ಣ ಅಲುಗಾಟವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಾಸ್ತಿ ಹೆಚ್ಚಿಸಿದರೆ ರೇಸಿನಲ್ಲಿ ಸ್ಟೀರಿಂಗ್ ಸಡಿಲ ಅನ್ನಿಸುತ್ತದೆ.

ಲಿನಕ್ಸ್ ಇದ್ದವರಿಗೆ ಕೆಲಸ ಕಡಿಮೆ, ಡ್ರೈವರ್ ಕರ್ನಲ್‌ನಲ್ಲೇ ಇದೆ. ನನ್ನ ಹಳೇ ಲ್ಯಾಪ್‌ಟಾಪಿನ ಉಬುಂಟುವಿನಲ್ಲಿ ಪೇರ್ ಮಾಡಿದ್ದೇ ಆಟ ಶುರು. ಟರ್ಮಿನಲ್ಲಿನ ಬ್ಲೂಟೂತ್‌ಸಿಟಿಎಲ್ (bluetoothctl) ಅನ್ನೋ ಆಜ್ಞೆಯಲ್ಲಿ ಪೇರ್ ಆದ ಮೇಲೆ ‘ಟ್ರಸ್ಟ್’ ಅನ್ನೋ ಆಜ್ಞೆಯನ್ನೂ ಕೊಡಿ. ಇಲ್ಲದಿದ್ದರೆ ಮುಂದಿನ ಸಲ ಪಿಎಸ್ ಬಟನ್ ಒತ್ತಿದಾಗ ತಾನಾಗಿ ಕೂಡಿಕೊಳ್ಳುವುದಿಲ್ಲ.

ಇನ್ನು ಧಾರವಾಡದ ವಿಷಯ. ಡ್ಯುಯಲ್‌ಶಾಕ್ 4 ಒಂದು ಸಲಕ್ಕೆ ಒಂದೇ ಮನೆಯನ್ನು ನೆನಪಿಡುತ್ತದೆ. ಪಿಸಿಗೆ ಪೇರ್ ಮಾಡಿದ ಮೇಲೆ ಪಿಎಸ್4 ಮುಂದೆ ಎಷ್ಟು ಒತ್ತಿದರೂ ಅದು ಏಳುವುದಿಲ್ಲ. ಅಲ್ಲಿ ಕೇಬಲ್ ಚುಚ್ಚಿ ಒಮ್ಮೆ ಪಿಎಸ್ ಬಟನ್ ಒತ್ತಿದರೆ ಮತ್ತೆ ಅದರದಾಗುತ್ತದೆ. ತಿರುಗಿ ಹುಬ್ಬಳ್ಳಿಗೆ ಬಂದಾಗ ವಿಂಡೋಸ್‌ನಲ್ಲಿ ಹಳೇ ಹೆಸರನ್ನು ಅಳಿಸಿ, ಶೇರ್ ಮತ್ತು ಪಿಎಸ್ ಹಿಡಿದು ಮೊದಲಿನಿಂದ ಪೇರ್ ಮಾಡಬೇಕು. ಅಳಿಸದೆ ಬಿಟ್ಟರೆ ಪಟ್ಟಿಯಲ್ಲಿ ಹೆಸರು ಇರುತ್ತದೆ, ಕನೆಕ್ಟ್ ಆಗುವುದಿಲ್ಲ. ಏನು ಮಾಡಿದರೂ ಜೋಡಿ ಮಿನುಗು ಬರದಿದ್ದರೆ ಹಿಂಭಾಗದಲ್ಲಿ ಎಲ್2 ಹತ್ತಿರ ಒಂದು ಸೂಜಿರಂಧ್ರ ಇದೆ. ಸಿಮ್ ತೆಗೆಯುವ ಪಿನ್ ಹಾಕಿ ಕೆಲವು ಸೆಕೆಂಡ್ ಒತ್ತಿದರೆ ರೀಸೆಟ್ ಆಗುತ್ತದೆ. ಪದೇ ಪದೇ ಈ ಓಡಾಟ ಇದ್ದವರು ಪಿಸಿ ಕಡೆ ಬ್ಲೂಟೂತ್ ಬಿಟ್ಟು ಡೇಟಾ ಕೇಬಲ್ಲಿನಲ್ಲೇ ಆಡೋದು ವಾಸಿ. ವಿಂಡೋಸ್ ಪಿಸಿಗೆ ಕೇಬಲ್ ಚುಚ್ಚಿದರೆ ಪಿಎಸ್4 ಜೊತೆಗಿನ ಪೇರಿಂಗ್ ಅಳಿಯುವುದಿಲ್ಲ. ಈಗ ರಜೆಯ ಹಿಂದಿನ ವಾರ ನಾನು ಮಾಡೋದೂ ಅದನ್ನೇ.